ಯಾವ ಒಡಿ

ಕಂಠಣ್ಣ ತೀರಿಕೊಳ್ಳುವ ಹಿಂದಿನ ಸಂಜೆ ನನ್ನ ಫೋನಿಗೆ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದ. ಅದರಲ್ಲಿ ಇರುವುದು ಇಷ್ಟೇ.

“ಲೇ ಕುಳ್ಳ, ಆ ಗಾಡೀನ ಒಡಿ ಕಣ್ಲಾ. ಸುಮ್ಕೆ ನಿಲ್ಸಬ್ಯಾಡ. ಒಡ್ದು...”

ಅಲ್ಲಿಗೆ ಕೆಮ್ಮು ಬಂದು ಮಾತು ನಿಂತಿದೆ. ಬೆರಳು ಜಾರಿರಬೇಕು. ನಾನಾಗ ಒಂದು ಟ್ರ್ಯಾಕ್ಟರಿನ ಅಡಿ ಮಲಗಿದ್ದೆ. ಎದ್ದು ಕೈ ಒರೆಸಿಕೊಂಡು ಕೇಳಿ, ಆಗಿಂದಾಗಲೇ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಮಾರನೇ ಬೆಳಿಗ್ಗೆ ಅದೇ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಅವನಲ್ಲ, ಅವನ ಮಗಳು.

ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಹಕಾರ ಬಾಯಿಂದ ಹೊರಡುವುದಿಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹಾಲು ಆಲಾಗುತ್ತದೆ. ಇದರಿಂದ ಇದುವರೆಗೆ ಯಾರ ಮನೆಯೂ ಮುಳುಗಿಲ್ಲ. ಎದುರಿಗಿರುವವನ ಮುಖ ನೋಡಿದರೆ ಏನು ಹೇಳುತ್ತಿದ್ದಾನೆಂದು ತಿಳಿಯುತ್ತದೆ. ಫೋನಿನಲ್ಲಿ ಮುಖವಿಲ್ಲವಲ್ಲ. ಗಾಡಿಯನ್ನು ಹೊಡಿ ಎಂದನೋ, ಒಡಿ ಎಂದನೋ? ಓಡಿಸು ಎಂದೋ, ಬಿಚ್ಚಿ ಮುರಿದು ಗುಜರಿಗೆ ಹಾಕು ಎಂದೋ? ಕೇಳುವವರಿಗೆ ಇದು ತಮಾಷೆ. ನನಗೆ ಹಾಗಲ್ಲ. ಮೊದಲನೆಯದಾದರೆ ಅವನು ನನ್ನ ಜೊತೆ ರಾಜಿಯಾಗಿ ಹೋದ. ಎರಡನೆಯದಾದರೆ ನನ್ನ ಮೇಲಿನ ಸಿಟ್ಟಿನಲ್ಲೇ ಹೋದ.

ನಾನು ಪುಟ್ಟಸ್ವಾಮಿ. ಹುಣಸೂರು ದಾಟಿ ಪಿರಿಯಾಪಟ್ಟಣದ ರಸ್ತೆಯಲ್ಲಿ ನನ್ನ ಗ್ಯಾರೇಜು. ಮಾಲೀಕನೂ ನಾನೇ, ಕೆಲಸಗಾರನೂ ನಾನೇ. ಮದುವೆ ಆಗಲಿಲ್ಲ; ಯಾಕೆ ಎಂದು ಕೇಳುತ್ತಿದ್ದವರು ಈಗ ಕೇಳುವುದನ್ನೂ ಬಿಟ್ಟಿದ್ದಾರೆ. ಎತ್ತರ ಐದಡಿಗೂ ಸ್ವಲ್ಪ ಕಡಿಮೆ. ಕಂಠಣ್ಣ ಆರಡಿ ಮೇಲಿದ್ದ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ರಾವಂದೂರಿನ ಪಕ್ಕದ ಹಳ್ಳಿಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದವನು. ಟ್ರ್ಯಾಕ್ಟರ್ ರಿಪೇರಿಗೆ ಬಂದು ಪರಿಚಯವಾದ, ಆಮೇಲೆ ರಿಪೇರಿ ಇಲ್ಲದೆಯೂ ಬರತೊಡಗಿದ. ಇಬ್ಬರೂ ಒಟ್ಟಿಗೆ ರಸ್ತೆಯಲ್ಲಿ ಹೋದರೆ ಜನ ನಗುತ್ತಿದ್ದರು. ನಕ್ಕರೆ ನಗಲಿ ಎಂದು ನಾವೂ ಬೇಕೆಂದೇ ಒಟ್ಟಿಗೆ ಹೋಗುತ್ತಿದ್ದೆವು.

ಕಾರು ಎಂ.ಜಿ. ಮಿಡ್ಜೆಟ್. ಇಂಗ್ಲೆಂಡಿನದು, ಹೆಚ್ಚು ಕಡಿಮೆ ನಮ್ಮ ವಯಸ್ಸಿನದು. ಎರಡೇ ಸೀಟು, ತಲೆಯ ಮೇಲೆ ಸೂರಿಲ್ಲ. ಕುಶಾಲನಗರದಾಚೆ ಯಾವುದೋ ಕಾಫಿ ತೋಟದ ಗೋಡೌನಿನಲ್ಲಿ ಬಿದ್ದಿತ್ತು, ಕೋಳಿಗಳು ಅದರಲ್ಲಿ ಮೊಟ್ಟೆ ಇಡುತ್ತಿದ್ದವು. ಗೊಬ್ಬರ ತರಲು ಹೋದ ಕಂಠಣ್ಣ ಗೊಬ್ಬರ ಬಿಟ್ಟು ಇದನ್ನು ಟ್ರೇಲರಿಗೆ ಹಾಕಿಕೊಂಡು ಬಂದ. ಎಂ.ಜಿ. ಎಂದರೆ ಮಹಾತ್ಮ ಗಾಂಧಿ ಎಂದು ಊರಿನವರೇ ತೀರ್ಮಾನ ಮಾಡಿ ಗಾಂಧಿ ಕಾರು ಎಂದು ಕರೆದರು. ಮಿಡ್ಜೆಟ್ ಎಂದರೆ ಏನಮ್ಮ ಎಂದು ಅವನ ಮಗಳು ಅನುಶ್ರೀಯನ್ನು ಕೇಳಿದೆವು. ಕುಳ್ಳ ಎಂದಳು. ಕಂಠಣ್ಣ ನಕ್ಕೂ ನಕ್ಕೂ ಜಗಲಿಯ ಮೇಲೆ ಉರುಳಿಬಿಟ್ಟ.

“ಇಂಗ್ಲೆಂಡ್‌ನೋರು ನಿನ್ ಎಸ್ರೇ ಮಡಗವ್ರೆ ಕಣ್ಲಾ. ನಿಂಗೆ ಮೊದ್ಲೇ ಗೊತ್ತಿತ್ತಾ?”

ಅಂದಿನಿಂದ ಕಾರೂ ಕುಳ್ಳ, ನಾನೂ ಕುಳ್ಳ. ಆದರೆ ಅದೇ ಹೆಸರಿನ ನನಗೆ ಮಾತ್ರ ಅದನ್ನು ಓಡಿಸುವ ಯೋಗವಿರಲಿಲ್ಲ. ಅಷ್ಟು ಚಿಕ್ಕ ಕಾರಿನಲ್ಲಿ ಕಂಠಣ್ಣನ ಕಾಲು ಹಿಡಿಸಬೇಕಲ್ಲ. ಸೀಟು ಹಿಂದೆ ಮುಂದೆ ಜಾರುವ ಹಳಿ ತುಕ್ಕು ಹಿಡಿದು ಹೋಗಿತ್ತು. ಅದನ್ನು ಕಿತ್ತು ಬಿಸಾಕಿ, ಸೀಟನ್ನು ಎಷ್ಟು ಹಿಂದಕ್ಕೆ ತಳ್ಳಲು ಸಾಧ್ಯವೋ ಅಷ್ಟು ಹಿಂದಕ್ಕೆ ತಳ್ಳಿ, ತಳದ ತಗಡಿಗೆ ತೂತು ಕೊರೆದು ನಾಲ್ಕು ಬೋಲ್ಟು ಬಿಗಿದೆವು. ಬಿಗಿದವನು ನಾನೇ. ಒಂದು ಸಲ ನಾನು ಬೆನ್ನಿಗೆ ದಿಂಬು ಕೊಟ್ಟುಕೊಂಡು ಕೂತು ನೋಡಿದೆ. ಕ್ಲಚ್ಚಿಗೆ ಕಾಲು ಚಾಚಿದರೆ ಹೆಬ್ಬೆರಳು ಮಾತ್ರ ತಾಗಿತು, ತಾಗಿದ್ದು ಜಾರಿತು, ಕಾರು ನೆಗೆದು ಹೋಗಿ ದನ ನೀರು ಕುಡಿಯುವ ಕಲ್ಲುಬಾನಿಗೆ ಮೂತಿ ಕೊಟ್ಟಿತು. ಕಂಠಣ್ಣನ ಹೆಂಡತಿ ಚಾಮುಂಡಕ್ಕ ಕಸಬರಿಕೆ ಹಿಡಿದುಕೊಂಡು ಓಡಿ ಬಂದರು.

“ನಿನ್ ಕಾಲ್ ಎಟುಕಾಕಿಲ್ಲ, ಸುಮ್ಕೆ ಈ ಕಡೆ ಕೂತ್ಕ” ಎಂದ ಕಂಠಣ್ಣ.

ನನ್ನ ಜಾಗ ಎಡಗಡೆಯೇ ಆಯಿತು.

ಕಾರನ್ನು ಇಡಲು ಜಾಗ ಸಿಕ್ಕಿದ್ದು ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ. ಎರಡಾಳು ಎತ್ತರದ, ಕಿಟಕಿ ಇಲ್ಲದ ಮನೆ. ಕಂಠಣ್ಣ ಎದೆಯ ಕಾಯಿಲೆಗೆ ಹೆದರಿ ಸೊಪ್ಪು ಬೆಳೆಯುವುದನ್ನು ಬಿಟ್ಟಿದ್ದ, ಅದು ಖಾಲಿ ಬಿದ್ದಿತ್ತು. ಬಾಗಿಲು ಸಣ್ಣದು. “ಗೋಡೆ ಒಡಿ” ಎಂದ, ಒಡೆದೆವು. ಅಲ್ಲಿನ ಸೊಪ್ಪಿನ ವಾಸನೆ ಕಾರಿನ ಸೀಟಿಗೂ ನಮ್ಮ ಅಂಗಿಗೂ ಅಂಟಿಕೊಂಡಿತು.

ಹಳೆಯ ಎಂಜಿನ್ನಿಗೆ ಜೀವ ಬಂದ ಒಂದು ಬೇಸಿಗೆ ಇತ್ತು. ಆ ಬೇಸಿಗೆಯ ಭಾನುವಾರಗಳು ನನ್ನ ಜೀವಮಾನದಲ್ಲೇ ಚೆನ್ನಾಗಿದ್ದವು ಎಂದರೆ ಸುಳ್ಳಲ್ಲ. ಬೆಳಿಗ್ಗೆ ನಾನು ಬೈಕಿನಲ್ಲಿ ಅವರ ಮನೆಗೆ ಹೋಗುವುದು, ಚಾಮುಂಡಕ್ಕ ಕೊಟ್ಟ ರೊಟ್ಟಿ ತಿನ್ನುವುದು, ಇಬ್ಬರೂ ಕಾರಿನಲ್ಲಿ ಕೆರೆ ಏರಿಯ ಮೇಲೆ ಹೋಗಿ ರಾವಂದೂರು ಸುತ್ತಿ ಬರುವುದು. ಎಂಜಿನ್ನು ಗುಡುಗುಡು ಎಂದು ಗೊಣಗಿಕೊಂಡು ಹೋಗುತ್ತಿತ್ತು, ಹಿಂದೆ ನೀಲಿ ಹೊಗೆ. ಕಂಠಣ್ಣನ ಮಂಡಿ ಸ್ಟೇರಿಂಗಿನ ಎರಡೂ ಪಕ್ಕ ಮೇಲೆದ್ದಿರುತ್ತಿತ್ತು. ಮಾತೇನೂ ಇರುತ್ತಿರಲಿಲ್ಲ. ಗಾಳಿಗೆ ಮಾತು ಕೇಳುತ್ತಲೂ ಇರಲಿಲ್ಲ.

ಆಮೇಲೆ ಎಂಜಿನ್ನಿನ ಬ್ಲಾಕು ಸೀಳಿತು. ಬೆಸುಗೆ ಹಾಕಿಸಿದೆ, ಮತ್ತೆ ಸೀಳಿತು. ಅಂಥದ್ದು ಇನ್ನೊಂದು ನಮ್ಮ ಕೈಗೆ ಸಿಗುವಂತಿರಲಿಲ್ಲ. ಬೀಚನಹಳ್ಳಿಯ ಕಡೆ ಕಾಡಿನ ಸಫಾರಿಗೆ ಬಳಸುತ್ತಿದ್ದ, ಫಾರೆಸ್ಟಿನವರ ಬಳಿ ಇರುವಂಥದೇ ಒಂದು ಜಿಪ್ಸಿ ಜೀಪಿನ ಎಂಜಿನ್ ನಾನು ನೋಡಿಕೊಂಡು ಬಂದೆ. ಕಾರ್ಬೊರೇಟರಿನ ತಂಟೆ ಇಲ್ಲ, ಪೆಟ್ರೋಲು ಎಷ್ಟು ಬೇಕೆಂದು ಕಂಪ್ಯೂಟರೇ ಲೆಕ್ಕ ಹಾಕುತ್ತದೆ. ಗೇರು ಐದು. ಜೊತೆಗೆ ಬ್ರೇಕಿಗೆ ಬೂಸ್ಟರ್, ರೇಡಿಯೇಟರಿಗೆ ಕರೆಂಟ್ ಫ್ಯಾನು, ಹೊಸ ಟೈರು. ಕಂಠಣ್ಣ ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ. ನಿಂತಲ್ಲೇ ನಿಲ್ಲುವುದಕ್ಕಿಂತ ಓಡಲಿ ಎಂದು ನಾನೇ ಕೆಲಸ ಹಿಡಿದೆ. ಎಂಜಿನ್ ಕೂರಲು ಮುಂದಿನ ಚೌಕಟ್ಟನ್ನು ಬದಲಿಸಬೇಕಾಯಿತು, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟನ್ನು ಮೈಸೂರಿನಲ್ಲಿ ಕತ್ತರಿಸಿ ಜೋಡಿಸಬೇಕಾಯಿತು. ವರ್ಷದ ಮೇಲೆ ಹಿಡಿಯಿತು. ಅಂಥ ಕೆಲಸವನ್ನು ನಾನು ಅದಕ್ಕೆ ಮುಂಚೆ ಮಾಡಿಲ್ಲ, ಇನ್ನು ಮುಂದೆ ಮಾಡುವುದೂ ಇಲ್ಲ.

ಮೊದಲ ಸಲ ಕೀಲಿ ತಿರುಗಿಸಿದಾಗ ಅರ್ಧ ಉಸಿರಿಗೆ ಸ್ಟಾರ್ಟ್ ಆಯಿತು. ಹೊಗೆ ಇಲ್ಲ, ನಡುಕ ಇಲ್ಲ. ನಾನು ಎಡಗಡೆ ಕೂತು ಅವನ ಮುಖ ನೋಡಿದೆ. ಅವನು ಕೆರೆ ಏರಿಯ ತನಕ ಓಡಿಸಿದ, ತಿರುಗಿಸಿಕೊಂಡು ಬಂದ, ಬ್ಯಾರನ್ನಿನ ಮುಂದೆ ಆಫ್ ಮಾಡಿದ.

“ಇದ್ಯಾವ ದನಿಲಾ?”

“ಸಂದಾಕೈತಲ್ಲಣ್ಣ. ಒಂಚೂರು ಒಗೆ ಇಲ್ಲ.”

“ಫಾರೆಸ್ಟ್‌ನೋರು ಬಂದಂಗೈತೆ. ನನ್ ಗಾಡಿ ಸತ್ತೋಯ್ತು ಕಣ್ಲಾ. ಇಂಗ್ ಮಾಡೋದ್ಕಿಂತ ಒಡ್ದು ಗುಜ್ರಿಗಾಕದೇ ವಾಸಿಯಾಗಿತ್ತು.”

ವರ್ಷವೆಲ್ಲ ಮೈಗೆ ಗ್ರೀಸು ಬಳಿದುಕೊಂಡವನಿಗೆ ಹೇಳುವ ಮಾತೇ ಅದು? ನನಗೂ ಬಾಯಿದೆ. “ಅಂಗಾದ್ರೆ ಕೋಳಿ ಸಾಕ್ಕೊ ಅದ್ರಲ್ಲಿ” ಎಂದು ಹೇಳಿ ಬೈಕು ಹತ್ತಿ ಬಂದೆ. ಮುಂದಿನ ಭಾನುವಾರ ಅವನು ಬರುತ್ತಾನೆಂದು ನಾನು ಕಾದೆ, ನಾನು ಹೋಗುತ್ತೇನೆಂದು ಅವನು ಕಾದಿರಬೇಕು. ಇಬ್ಬರೂ ಒಬ್ಬರಿಗಿಂತ ಒಬ್ಬರು ಹಟಮಾರಿಗಳು.

ಹೀಗೇ ಇರುವಾಗ ಅವನ ಎದೆ ಕೆಟ್ಟಿತು. ಮೈಸೂರಿನ ಆಸ್ಪತ್ರೆಗೆ ಹೋಗಿ ನೋಡಿದೆ. ಮೂಗು ಬಾಯಿಗೆಲ್ಲ ಮಾಸ್ಕು ಕಟ್ಟಿದ್ದರು, ಎಚ್ಚರವಿರಲಿಲ್ಲ. ಅವನ ಪಾದ ಮಂಚದಿಂದಾಚೆ ಚಾಚಿಕೊಂಡಿತ್ತು, ಹೊದಿಕೆ ಸಾಲದೆ. ಸ್ವಲ್ಪ ಹೊತ್ತು ನಿಂತು ಹೊದಿಕೆ ಎಳೆದು ಮುಚ್ಚಿ ಬಂದೆ. ಮನೆಗೆ ಕರೆದುಕೊಂಡು ಹೋದ ಮೇಲೆ ಜನ ಸೇರಿಸಬೇಡಿ, ಸೋಂಕು ತಗಲುತ್ತದೆ ಎಂದಿದ್ದರಂತೆ ಡಾಕ್ಟರು. “ವಸಿ ದಿನ ಬುಟ್ಟು ಬನ್ನಿ ಅಣ್ಣ” ಎಂದರು ಚಾಮುಂಡಕ್ಕ. ಸ್ವಲ್ಪ ದಿನ ಬಿಟ್ಟೇ ಹೋಗೋಣ ಎಂದುಕೊಂಡೆ. ಅಷ್ಟರಲ್ಲಿ ಆ ಮೆಸೇಜು ಬಂತು, ಅದರ ಹಿಂದೆಯೇ ಸುದ್ದಿಯೂ ಬಂತು.

ತಿಥಿಯ ದಿನ ಊಟ ಮುಗಿದು ನೆಂಟರು ಕರಗಿದ ಮೇಲೆ ನಾನು ಚಾಮುಂಡಕ್ಕನಿಗೂ ಅನುಶ್ರೀಗೂ ಅದನ್ನು ಕೇಳಿಸಿದೆ. ಚಾಮುಂಡಕ್ಕ ಮೊದಲು ದನಿಗೆ ಅತ್ತರು, ಆಮೇಲೆ ಮಾತಿಗೆ ಬಂದರು.

“ಒಡಿ ಅಂದವ್ರೆ.”

“ಅದೇ ಅಕ್ಕ, ಯಾವ ಒಡಿ?”

“ನಂಗೆಂಗೆ ಗೊತ್ತಾದದು ಅಣ್ಣ? ಕಾಯಿ ಒಡಿ ಅಂದ್ರೂ ಅಂಗೇ ಅನ್ನೋರು, ಸೊಳ್ಳೆ ಒಡಿ ಅಂದ್ರೂ ಅಂಗೇ ಅನ್ನೋರು.”

ಅನುಶ್ರೀ ಕೆ.ಆರ್. ನಗರದಲ್ಲಿ ಸ್ಕೂಲ್ ಟೀಚರು. ಅವಳ ಬಾಯಲ್ಲಿ ಹಕಾರ ಸರಿಯಾಗಿ ನಿಲ್ಲುತ್ತದೆ. ಅಪ್ಪನಿಗೂ ಕಲಿಸಲು ನೋಡಿದ್ದಳು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಳ್ಳಬೇಕು, ಉಸಿರು ಕೈಗೆ ತಾಗಿದರೆ ಹ, ತಾಗದಿದ್ದರೆ ಅ. ಕಂಠಣ್ಣ ಕೈ ಹಿಡಿದುಕೊಂಡು “ಅ” ಎನ್ನುತ್ತಿದ್ದ, ಮಗಳು ತಲೆ ಚಚ್ಚಿಕೊಳ್ಳುತ್ತಿದ್ದಳು. ಅವಳು ಫೋನನ್ನು ಕಿವಿಗೆ ಒತ್ತಿ ಮತ್ತೆ ಮತ್ತೆ ಕೇಳಿದಳು.

“ಹ ಇದ್ದಂಗೆ ಇದೆ ಮಾಮ” ಎಂದಳು. ಇನ್ನೊಂದು ಸಲ ಕೇಳಿ, “ಆದ್ರೆ ಎಲ್ಲದಕ್ಕೂ ಇದೆ. ಕುಳ್ಳ ಅನ್ನೋದ್ರಲ್ಲೂ ಇದೆ” ಎಂದು ಫೋನು ವಾಪಸ್ಸು ಕೊಟ್ಟಳು.

ಅವಳು ಹೇಳಿದ್ದು ನಿಜ. ಉಸಿರಾಡಲು ಕಷ್ಟಪಡುತ್ತಿದ್ದವನ ಮಾತಿಗೆಲ್ಲ ಉಸಿರು ಸೇರಿತ್ತು. ಜೀವಮಾನವಿಡೀ ಹಕಾರವಿಲ್ಲದೆ ಬದುಕಿದವನು ಕೊನೆಗೆ ಬೇಕಾದ್ದಕ್ಕೂ ಬೇಡದ್ದಕ್ಕೂ ಹಕಾರ ಹಚ್ಚಿ ಹೋಗಿದ್ದ. ನನಗೆ ನಗುವೂ ಬಂತು, ಅವನ ಮೇಲೆ ಕೋಪವೂ ಬಂತು. ಒಂದು ಮಾತು ನೆಟ್ಟಗೆ ಹೇಳಿ ಹೋಗಬಾರದಿತ್ತೇ?

ಆಮೇಲೆ ನನ್ನ ದಿನಗಳು ಹೇಗಿದ್ದವು ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಭಾನುವಾರ ಬಂದರೆ ಎಲ್ಲಿಗೆ ಹೋಗುವುದೆಂದು ತಿಳಿಯದೆ ಗ್ಯಾರೇಜಿನ ಬಾಗಿಲು ತೆಗೆದು ಕೂರುತ್ತಿದ್ದೆ. ಯಾರೂ ಬರುತ್ತಿರಲಿಲ್ಲ. ಹೋಟೆಲಿನಲ್ಲಿ ಊಟ ಮಾಡಿ ಬಂದು ಫೋನು ತೆಗೆದು ಅದನ್ನೇ ಕೇಳುವುದು. ಒಂದು ದಿನ ಹೊಡಿ ಎಂದು ಕೇಳಿಸುತ್ತಿತ್ತು, ಮಾರನೇ ದಿನ ಒಡಿ ಎಂದೇ ಕೇಳಿಸುತ್ತಿತ್ತು. ನನ್ನ ಮನಸ್ಸು ಹೇಗಿದೆಯೋ ಹಾಗೆ ಕೇಳಿಸುತ್ತಿದೆ ಎಂದು ಗೊತ್ತಾದ ಮೇಲೆ ಕೇಳುವುದನ್ನು ಬಿಟ್ಟೆ. ಬಿಟ್ಟ ಮೇಲೆ ಇನ್ನೂ ಬೇಜಾರಾಯಿತು, ದಿನಕ್ಕೊಂದು ಸಲವಾದರೂ ನನ್ನನ್ನು ಕುಳ್ಳ ಎಂದು ಕರೆಯುತ್ತಿದ್ದುದು ಅದೊಂದೇ.

ಚಾಮುಂಡಕ್ಕ ಫೋನ್ ಮಾಡಿದ್ದು ಶುಂಠಿ ಕೀಳುವ ಕಾಲದ ಒಂದು ಬೆಳಿಗ್ಗೆ. ಶುಂಠಿ ವ್ಯಾಪಾರದವರು ಬ್ಯಾರನ್ನನ್ನು ಬಾಡಿಗೆಗೆ ಕೇಳಿದ್ದರು, ಖಾಲಿ ಮಾಡಬೇಕು. ಯತೀಶ್ ಎಂಬ ಮೈಸೂರಿನ ಹುಡುಗನೊಬ್ಬ ಹಳೆಯ ಕಾರಿನ ಸಾಮಾನು ಕೊಳ್ಳುವವನು, ಬಂದು ನೋಡಿಕೊಂಡು ಹೋಗಿದ್ದ. ಜಿಪ್ಸಿ ಎಂಜಿನ್ ಕೂರಿಸಿದ್ದರಿಂದ ಇಡೀ ಕಾರು ಒರಿಜಿನಲ್ ಅಲ್ಲ, ಅದು ಅವನಿಗೆ ಬೇಡ. ಬಾಗಿಲು, ಲೈಟು, ಮೀಟರು, ಬಾನೆಟ್ಟು ಬಿಚ್ಚಿ ಕೊಟ್ಟರೆ ತೆಗೆದುಕೊಳ್ಳುತ್ತಾನೆ. ಅವತ್ತೇ ಮಧ್ಯಾಹ್ನದ ಹೊತ್ತಿಗೆ ಸಾಮಾನು ಸಾಗಿಸಲು ಗಾಡಿ ತರುತ್ತೇನೆ ಎಂದಿದ್ದಾನೆ.

“ಬ್ಯಾರೆ ಯಾರ್ ಕೈಲೂ ಬಿಚ್ಚಿಸಾಕೆ ನಂಗೆ ಮನಸಿಲ್ಲ ಅಣ್ಣ” ಎಂದರು. “ಅವ್ರು ಕಡೇಗ್ ಮಾತಾಡಿದ್ದು ನಿಮ್ ಜೊತೆ. ಏನಂದಿದ್ರೋ ನಿಮಗೇ ಬುಟ್ಟಿದ್ದು.”

ನಾನು ಆ ಬೆಳಿಗ್ಗೆಯೇ ತೀರ್ಮಾನ ಮಾಡಿದ್ದೆ. ಅವನು ನನ್ನ ಎದುರಿಗೆ ಬಾಯಿಬಿಟ್ಟು ಹೇಳಿದ್ದು ಗುಜರಿಗೆ ಹಾಕು ಎಂದು. ಫೋನಿನಲ್ಲಿ ಹೇಳಿದ್ದೂ ಅದೇ ಇರಬೇಕು. ಅವನು ಸಿಟ್ಟಿನಲ್ಲೇ ಹೋದ, ಒಪ್ಪಿಕೊಂಡುಬಿಡುವುದು ಒಳ್ಳೆಯದು. ಸ್ಪ್ಯಾನರ್ ಡಬ್ಬ ಬೈಕಿಗೆ ಕಟ್ಟಿಕೊಂಡು ಹೋದೆ.

ಚಾಮುಂಡಕ್ಕ ಕಾಫಿ ಕೊಟ್ಟರು. “ಆಸ್ಪತ್ರೆಯಿಂದ ಬಂದ್ಮೇಲೂ ಮದ್ಯಾನ ಆದ್ರೆ ಬ್ಯಾರನ್‌ಗೆ ಓಗಿ ಕೂತ್ಕಳೋರು” ಎಂದರು. “ಗೋಡೆ ಇಡ್ಕೊಂಡು ಇಡ್ಕೊಂಡು ಓಗೋರು. ಬೈದ್ರೂ ಕೇಳ್ತಿರ್ಲಿಲ್ಲ. ಒಳಗೆ ಏನೋ ಕುಟ್ಟೋ ಸದ್ದು ಕೇಳೋದು, ಆಮೇಲೆ ಕೆಮ್ಮೋದು ಕೇಳೋದು.” ಏನು ಕುಟ್ಟುತ್ತಿದ್ದ ಎಂದು ನಾನು ಕೇಳಲಿಲ್ಲ. ಸಿಟ್ಟಿಗೆ ಅವನೇ ಒಡೆಯಲು ಶುರು ಮಾಡಿದ್ದನೇನೋ ಎಂದುಕೊಂಡು ಕಾಫಿ ಲೋಟ ಕೆಳಗಿಟ್ಟು ಎದ್ದೆ.

ಬ್ಯಾರನ್ನಿನಲ್ಲಿ ಅದೇ ವಾಸನೆ ಇತ್ತು. ಹೊದಿಸಿದ್ದ ಟಾರ್ಪಾಲು ಎಳೆದೆ. ಮೇಲ್ನೋಟಕ್ಕೆ ಕಾರಿನಲ್ಲಿ ಏನೂ ಒಡೆದಿರಲಿಲ್ಲ. ಒಳಗೆ ಬೆಳಕು ಸಾಲದು, ಹೊರಗೆ ತಳ್ಳಿಕೊಂಡು ಬಿಚ್ಚೋಣ ಎಂದು ಹ್ಯಾಂಡ್‌ಬ್ರೇಕ್ ಇಳಿಸಲು ಬಾಗಿಲು ತೆಗೆದು ಬಲಗಡೆ ಕೂತೆ. ಗೇರಿನಲ್ಲಿ ನಿಲ್ಲಿಸಿತ್ತು. ಗೇರು ಬಿಡಿಸಬೇಕಾದರೆ ಮೆಕ್ಯಾನಿಕ್ಕಿನ ಕಾಲು ತಾನಾಗಿ ಕ್ಲಚ್ಚಿಗೆ ಹೋಗುತ್ತದೆ. ಎಟುಕುವುದಿಲ್ಲ ಎಂದು ಗೊತ್ತಿದ್ದೂ ಹೋಯಿತು.

ಎಟುಕಿತು.

ಹೆಬ್ಬೆರಳಲ್ಲ, ಇಡೀ ಪಾದ. ಒತ್ತಿದೆ, ಕ್ಲಚ್ಚು ತಳದ ತನಕ ಹೋಯಿತು. ಬಲಗಾಲು ಬ್ರೇಕಿನ ಮೇಲೆ ಸರಿಯಾಗಿ ಕೂತಿತ್ತು. ಸ್ಟೇರಿಂಗು ಎದೆಗೆ ಎಷ್ಟು ದೂರ ಇರಬೇಕೋ ಅಷ್ಟೇ ದೂರದಲ್ಲಿತ್ತು. ನನ್ನ ಕಾಲೇ ಉದ್ದವಾಯಿತೇನೋ ಎಂದು ಮಂಡಿ ನೋಡಿಕೊಂಡೆ.

ಇಳಿದು ನೆಲಕ್ಕೆ ಮಲಗಿ ಕೆಳಗೆ ಟಾರ್ಚು ಬಿಟ್ಟೆ. ನಾನು ಬಿಗಿದಿದ್ದ ನಾಲ್ಕು ಬೋಲ್ಟು ಅಲ್ಲಿರಲಿಲ್ಲ. ಅದಕ್ಕಿಂತ ಒಂದು ಗೇಣು ಮುಂದೆ ಹೊಸದಾಗಿ ನಾಲ್ಕು ತೂತು ಕೊರೆದು, ಅದೇ ಬೋಲ್ಟುಗಳನ್ನು ಹಾಕಿ ಬಿಗಿದಿತ್ತು. ಒಂದು ತೂತು ಸೊಟ್ಟಗೆ ಹೋಗಿತ್ತು, ಅದನ್ನು ಅರದಿಂದ ಉಜ್ಜಿ ಸರಿ ಮಾಡಿದ್ದ. ಹಳೆಯ ತೂತುಗಳಿಗೆ ನೀರು ಬರದಂತೆ ಎಂ-ಸೀಲ್ ಅಂಟು ಮೆತ್ತಿದ್ದ. ಮೆತ್ತಿ ಹೆಬ್ಬೆಟ್ಟಿನಿಂದ ಒತ್ತಿದ್ದ, ಅವನ ದೊಡ್ಡ ಹೆಬ್ಬೆಟ್ಟಿನ ಗೆರೆಗಳು ನಾಲ್ಕು ಕಡೆಯೂ ಅಚ್ಚಾಗಿ ಒಣಗಿದ್ದವು. ಉಸಿರು ಸಾಲದವನು ಕಾರಿನ ಅಡಿಗೆ ಹೇಗೆ ತೂರಿದ, ಒಂದೊಂದು ಬೋಲ್ಟಿಗೆ ಎಷ್ಟು ಮಧ್ಯಾಹ್ನ ತೆಗೆದುಕೊಂಡ, ಯಾರಿಗೂ ಗೊತ್ತಿಲ್ಲ. ಈಗ ಆ ಸೀಟಿನಲ್ಲಿ ಅವನೇ ಕೂರುವಂತಿರಲಿಲ್ಲ. ಈ ತಾಲ್ಲೂಕಿನಲ್ಲಿ ನಾನೊಬ್ಬ ಬಿಟ್ಟರೆ ಅದರಲ್ಲಿ ಇನ್ಯಾರೂ ಕೂರುವಂತಿರಲಿಲ್ಲ.

ಅಲ್ಲೇ ನೆಲದ ಮೇಲೆ ಮಲಗಿಕೊಂಡು ಅತ್ತೆ. ತಿಥಿಯ ದಿನವೂ ನನಗೆ ಅಳು ಬಂದಿರಲಿಲ್ಲ.

ಕೀಲಿ ಯಾವಾಗಲೂ ಇರುವಂತೆ ಎಡ ಸೀಟಿನ ಕೆಳಗಿತ್ತು. ಸ್ಪ್ಯಾನರ್ ಡಬ್ಬವನ್ನು ಗೋಡೆಯ ಪಕ್ಕಕ್ಕೆ ಸರಿಸಿ ಬಲಗಡೆ ಹತ್ತಿ ಕೂತೆ. ಬ್ಯಾಟರಿ ಸ್ವಲ್ಪ ಇಳಿದಿತ್ತು, ಎರಡನೆಯ ಸಲಕ್ಕೆ ಸ್ಟಾರ್ಟ್ ಆಯಿತು. ಅವನು ಹೇಳಿದ್ದು ಸರಿಯೇ, ಫಾರೆಸ್ಟಿನವರು ಬಂದ ಹಾಗೇ ಕೇಳಿಸಿತು. ಸದ್ದಿಗೆ ಚಾಮುಂಡಕ್ಕ ಒಡೆದ ಗೋಡೆಯ ಹತ್ತಿರ ಬಂದು ನಿಂತರು. ಕೈಯಲ್ಲಿ ಅಕ್ಕಿ ಆರಿಸುತ್ತಿದ್ದ ಮೊರವಿತ್ತು.

“ಏನಣ್ಣ, ಒಡೀತೀರಾ?”

“ಊ ಕಣಕ್ಕ, ಒಡೀತೀನಿ.”

ಅವರು ನನ್ನ ಮುಖ ನೋಡಿದರು, ಸ್ಟೇರಿಂಗಿನ ಮೇಲಿದ್ದ ಕೈ ನೋಡಿದರು. ಎದುರಿಗಿದ್ದರೆ ತಿಳಿಯುತ್ತದೆ ಎಂದು ಹೇಳಿದೆನಲ್ಲ, ಅವರಿಗೆ ತಿಳಿಯಿತು. ಸೆರಗಿನಿಂದ ಕಣ್ಣು ಒರೆಸಿಕೊಂಡು ಪಕ್ಕಕ್ಕೆ ಸರಿದರು.

“ಮೈಸೂರೋರು ಬಂದ್ರೆ ಏನ್ ಏಳ್ಲಿ?”

“ಒಡ್ಕೊಂಡ್ ಓದ ಅಂತೇಳಿ.”

ಕೆರೆ ಏರಿಯ ರಸ್ತೆ ನನಗೆ ಎಡಗಡೆಯಿಂದ ಮಾತ್ರ ಗೊತ್ತಿತ್ತು. ಎಡಗಡೆಯಿಂದ ನೋಡಿದರೆ ಗದ್ದೆ, ತೂಬು, ಕರೆಂಟ್ ಕಂಬ. ಬಲಗಡೆಯಿಂದ ನೋಡಿದರೆ ಬರೀ ನೀರು. ಇಷ್ಟು ದಿನ ಅವನು ನೋಡುತ್ತಿದ್ದುದು ಇದನ್ನು, ನನಗೆ ಒಂದು ದಿನವೂ ಹೇಳಿರಲಿಲ್ಲ. ನಾಲ್ಕನೇ ಗೇರಿಗೆ ಹಾಕಿದೆ, ಐದಕ್ಕೆ ಹಾಕಿದೆ. ಒಂದೊಂದು ಸಲವೂ ಕಾಲು ಕ್ಲಚ್ಚಿಗೆ ಪೂರ್ತಿ ಹೋಗುತ್ತಿತ್ತು.

“ಎಟುಕ್ತು ಕಣಣ್ಣ” ಎಂದು ಎಡಗಡೆಗೆ ತಿರುಗಿ ಹೇಳಿದೆ.

ಅಲ್ಲಿ ಕೂರುತ್ತಿದ್ದವನು ನಾನು. ಆ ಸೀಟು ಖಾಲಿ ಇತ್ತು.